ಕಳೆದುಹೋದ ಗ್ರಹ ಎಲ್ಲಿಗೆ ಹೋಗಬೇಕು?

ಮನೆಯಲ್ಲಿ ಒಂದು ಸಾಮಾನು ಕಾಣೆಯಾದರೆ ಅದನ್ನು ಹುಡುಕುವವರಿಗಿಂತ ಅದು ಎಲ್ಲಿಗೆ ಹೋಗಿರಬಹುದು ಎಂದು ಹೇಳುವವರೇ ಜಾಸ್ತಿ. ನಾನು ಎರಡನೆಯ ಪಂಗಡದವನು. ಟೀವಿಯ ರಿಮೋಟು ಕಾಣದಾದಾಗ ನನ್ನ ಹೆಂಡತಿ ಸುಧಾ ನೆಲದ ಮೇಲೆ ಮಂಡಿಯೂರಿ ಮೇಜಿನ ಕೆಳಗೆಲ್ಲ ತಡಕುತ್ತಿರುತ್ತಾಳೆ. ನಾನು ಸೋಫಾದ ಮೇಲೆ ಆರಾಮಾಗಿ ಕುಳಿತು, ಅದು ಪೇಪರಿನ ಮಡಿಕೆಯಲ್ಲಿ ಸೇರಿಹೋಗಿರಬಹುದು, ಯಾರೋ ಫೋನೆಂದು ತಿಳಿದು ಅಡುಗೆಮನೆಗೆ ಒಯ್ದಿರಬಹುದು ಎಂದು ಸಾಧ್ಯತೆಗಳನ್ನು ಒಂದೊಂದಾಗಿ ಅವಳ ಮುಂದಿಡುತ್ತಿರುತ್ತೇನೆ. ಕಡೆಗೆ ಅದು ಸಿಗುವುದು ನಾನು ಕುಳಿತ ಜಾಗದ ಅಡಿಯಲ್ಲೇ. ಆ ಹೊತ್ತಿಗೆ ನನ್ನ ಬಳಿ ಇನ್ನೂ ಮೂರು ಸಾಧ್ಯತೆಗಳು ಉಳಿದಿರುತ್ತವೆ ಎಂಬುದು ನನಗೆ ಸಣ್ಣ ಬೇಸರ.

ಇದರಲ್ಲಿ ಅರ್ಧ ತಪ್ಪು ನನ್ನ ಉದ್ಯೋಗದ್ದು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗುಜರಾತಿಯೊಬ್ಬರ ಮಾತ್ರೆ ಕಾರ್ಖಾನೆಯಲ್ಲಿ ನಾನು ಉತ್ಪಾದನೆಯ ಮ್ಯಾನೇಜರ್. ಅಲ್ಲಿ ಪುಡಿಯನ್ನು ತೂಗಿ ಯಂತ್ರಕ್ಕೆ ಸುರಿಯುತ್ತೇವೆ, ಆಚೆ ಬಂದ ಮಾತ್ರೆಗಳನ್ನು ಮತ್ತೆ ತೂಗುತ್ತೇವೆ. ಎರಡೂ ತೂಕ ಒಂದೇ ಆದದ್ದನ್ನು ನಾನು ನೋಡಿಲ್ಲ. ಸ್ವಲ್ಪ ಪುಡಿ ಎಲ್ಲಿಗೋ ಹೋಗಿರುತ್ತದೆ. ಗೋಡೆಗೆ ಅಂಟಿತು, ಗಾಳಿಗೆ ಹಾರಿತು, ಪ್ರಯೋಗಾಲಯದವರು ಸ್ಯಾಂಪಲ್ ಎಂದು ಒಯ್ದರು ಎಂದೆಲ್ಲ ನಾನು ಕಾರಣ ಬರೆದು ಮೇಲಕ್ಕೆ ಕಳಿಸುತ್ತೇನೆ. ಮೇಲಿನವರು ಕಾರಣವನ್ನು ಕೇಳುತ್ತಾರೆಯೇ ಹೊರತು ಪುಡಿಯನ್ನು ವಾಪಸು ಕೇಳುವುದಿಲ್ಲ. ಹೀಗೆ ಎಷ್ಟೋ ವರ್ಷ ಬರೆದು ಬರೆದು, ಹೋದದ್ದಕ್ಕೆ ಕಾರಣ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಪೂರ್ವ ಆಫ್ರಿಕಾದಲ್ಲೇ ಇಲ್ಲವೆಂಬ ಹಮ್ಮು ನನ್ನಲ್ಲಿ ಬೆಳೆದಿತ್ತು. ಒಂದು ಹುಡುಗಿ ಬಂದು ಒಂದು ಗ್ರಹದ ವಿಚಾರ ಕೇಳುವವರೆಗೆ ಆ ಹಮ್ಮು ಭದ್ರವಾಗಿಯೇ ಇತ್ತು.

ನಡೆದದ್ದು ಪ್ಲೂಟೋವನ್ನು ವಿಜ್ಞಾನಿಗಳು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿದ ವರ್ಷ. ನೈರೋಬಿಯ ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಮಕ್ಕಳ ನಾಟಕ ಬರೆದುಕೊಡುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಕಾಲೇಜಿನಲ್ಲಿದ್ದಾಗ ಗೋಡೆ ಪತ್ರಿಕೆಗೆ ನಾನೊಂದು ಹನಿಗವನ ಬರೆದಿದ್ದೆನೆಂದು ಸುಧಾ ಯಾವುದೋ ಅರಿಶಿನ ಕುಂಕುಮದ ಹೊತ್ತಿನಲ್ಲಿ ಬಾಯಿ ಬಿಟ್ಟಿದ್ದಳು. ಬಳಗಕ್ಕೆ ಸಾಹಿತಿ ಬೇಕಾಗಿದ್ದ, ಸಿಕ್ಕ. ಬಳಗದಲ್ಲಿ ಒಂದು ಅಲಿಖಿತ ಕಾನೂನಿದೆ. ಮಗು ಎಂದು ಕರೆಸಿಕೊಳ್ಳುವವರೆಲ್ಲರೂ ವೇದಿಕೆ ಹತ್ತಲೇಬೇಕು, ಹತ್ತಿದವರಿಗೆಲ್ಲ ಒಂದಾದರೂ ಮಾತಿರಬೇಕು, ಆಡಿದವರಿಗೆಲ್ಲ ಬಹುಮಾನ ಸಿಗಬೇಕು. ಒಂದು ಮಗುವನ್ನು ಬಿಟ್ಟರೂ ಆ ಮನೆಯವರು ಯುಗಾದಿಗೆ ಬರುವುದಿಲ್ಲ. ಆಗ ಇದ್ದದ್ದು ಹತ್ತು ಮಕ್ಕಳು. ಹತ್ತು ಜನಕ್ಕೆ ಸಮಸಮ ಪಾತ್ರ ಹಂಚುವ ಕಥೆ ಎಲ್ಲಿಂದ ತರುವುದು? ರಾಮಾಯಣದಲ್ಲಿ ಎಲ್ಲರಿಗೂ ರಾಮನೇ ಬೇಕು. ತಲೆ ಕೆರೆದುಕೊಂಡು ಕಡೆಗೆ 'ಸೂರ್ಯನ ಸಂಸಾರ' ಎಂದು ಬರೆದೆ. ಒಬ್ಬ ಸೂರ್ಯ, ಒಂಬತ್ತು ಗ್ರಹಗಳು, ಒಬ್ಬೊಬ್ಬರಿಗೆ ಎರಡೆರಡು ವಾಕ್ಯ.

ಎರಡೇ ವಾಕ್ಯ ಏಕೆಂದರೆ ನಮ್ಮ ಮಕ್ಕಳ ಕನ್ನಡದ ಪರಿಸ್ಥಿತಿ ಅಷ್ಟು. ಅವರಿಗೆ ಕನ್ನಡ ಬರುವುದಿಲ್ಲವೆಂದಲ್ಲ, ಆಡಿದ್ದೆಲ್ಲ ತಿಳಿಯುತ್ತದೆ. ನಮ್ಮ ಮಗಳು ಅನಘಾಳನ್ನೇ ನೋಡಿ. ಆಗ ಅವಳಿಗೆ ಹನ್ನೊಂದು ವರ್ಷ. ಹುಟ್ಟಿದ ದಿನದಿಂದ ನಾನು ಅವಳೊಂದಿಗೆ ಶುದ್ಧ ಮೈಸೂರು ಕನ್ನಡದಲ್ಲಿ ಮಾತನಾಡಿದ್ದೇನೆ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಬೈದರೆ ತೋಟದ ಕೆಲಸದವನಿಂದ ಕಲಿತ ಸ್ವಾಹಿಲಿಯಲ್ಲಿ 'ಸವಾ, ಸವಾ' ಎಂದು ಒಪ್ಪಿಕೊಂಡು ಹೊರಟುಬಿಡುತ್ತಿದ್ದಳು. ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಬೇಕೆಂಬುದು ನನ್ನ ಜೀವನದ ದೊಡ್ಡ ಆಸೆಗಳಲ್ಲೊಂದಾಗಿತ್ತು. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ ಹನ್ನೊಂದು ವರ್ಷ ಮಾಲು ಸುರಿದಿದ್ದೆ, ಆಚೆ ಒಂದು ಮಾತ್ರೆಯೂ ಬಿದ್ದಿರಲಿಲ್ಲ.

ತಾಲೀಮು ನಡೆಯುತ್ತಿದ್ದದ್ದು ರುಂಡಾ ಎಂಬ ಸಿರಿವಂತರ ಬಡಾವಣೆಯಲ್ಲಿ, ಪದ್ಮಿನಿ ಶಾನುಭೋಗರ ಮನೆಯ ಹುಲ್ಲುಹಾಸಿನ ಮೇಲೆ. ಅವರ ಯಜಮಾನರು ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿದ್ದರು. ಅವರ ತೋಟದಲ್ಲಿ ಲೊರೆಶೋದ ನಮ್ಮ ಮನೆಯನ್ನು ಸುತ್ತಲಿನ ಬೇಲಿಯ ಸಮೇತ ತಂದಿಟ್ಟರೂ ಆಚೀಚೆ ಬ್ಯಾಡ್ಮಿಂಟನ್ ಆಡಲು ಜಾಗ ಮಿಗುತ್ತಿತ್ತು. ಮಂಗಳೂರು ಕಡೆಯ ಪದ್ಮಿನಿಯಕ್ಕ ಬಳಗದ ಬೆನ್ನೆಲುಬು, ಹಲ್ಲು, ಉಗುರು ಎಲ್ಲವೂ ಹೌದು. ಅವರ ಮಗ ರೋಹನ್ ದುಂಡಗೆ, ಬೆಳ್ಳಗೆ ಇದ್ದುದರಿಂದ ಸೂರ್ಯನ ಪಾತ್ರಕ್ಕೆ ಬೇರೆಯವರನ್ನು ಹುಡುಕುವ ಪ್ರಶ್ನೆಯೇ ಬರಲಿಲ್ಲ. ಅನಘಾ ಭೂಮಿಯಾದಳು. ಎಲ್ಲರಿಗಿಂತ ಚಿಕ್ಕವಳು, ಮಿನ್ನಿ ಎಂಬ ಆರು ವರ್ಷದ ಹುಡುಗಿ, ಪ್ಲೂಟೋ. ಪತ್ರಿಕೆಯಲ್ಲಿ ಪ್ಲೂಟೋ ಸುದ್ದಿ ಬಂದ ವಾರ ಅನಘಾ ತಾಲೀಮಿನ ನಡುವೆ, "ಡ್ಯಾಡ್, ಪ್ಲೂಟೋ ಈಸ್ ನಾಟ್ ಈವನ್ ಎ ಪ್ಲಾನೆಟ್ ಎನಿಮೋರ್" ಎಂದು ತಕರಾರು ಎತ್ತಿದಳು. ಮಿನ್ನಿಯ ತುಟಿ ನಡುಗಿತು. ಪದ್ಮಿನಿಯಕ್ಕ ಚಹಾದ ತಟ್ಟೆಯನ್ನು ಕೆಳಗಿಟ್ಟು, "ವಿಜ್ಞಾನಿಗಳು ಎಂತ ಬೇಕಾದ್ರೂ ಹೇಳ್ಲಿ ಮಾರಾಯ್ತಿ. ನಮ್ಮ ಬಳಗದಲ್ಲಿ ಯಾರನ್ನೂ ತೆಗೆಯುದಿಲ್ಲ" ಎಂದು ತೀರ್ಪು ಕೊಟ್ಟರು. ಪ್ಲೂಟೋ ನಮ್ಮಲ್ಲಿ ಗ್ರಹವಾಗಿಯೇ ಉಳಿಯಿತು.

ಹೀಗೆ ಎಲ್ಲ ಸುಗಮವಾಗಿ ಸುತ್ತುತ್ತಿದ್ದಾಗ ನಮ್ಮ ಕಾರ್ಖಾನೆಗೆ ಹುಬ್ಬಳ್ಳಿಯಿಂದ ಒಬ್ಬ ಹೊಸ ಎಂಜಿನಿಯರ್ ಬಂದರು. ಅವರೊಂದಿಗೆ ಅವರ ಶ್ರೀಮತಿ ಗಿರಿಜಾ ಮತ್ತು ಮಗಳು ಭಾಗ್ಯಶ್ರೀ. ಹತ್ತು ವರ್ಷದ ಹುಡುಗಿ, ಎಣ್ಣೆ ಹಚ್ಚಿದ ಎರಡು ಬಿಗಿ ಜಡೆ, ಎದುರಿನವರನ್ನು ನೇರ ನೋಡುವ ಕಣ್ಣು. ಸುಧಾ ಅವರನ್ನು ಊಟಕ್ಕೆ ಕರೆದಿದ್ದಾಗ ಗಿರಿಜಾ ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಂಡರಂತೆ. "ಸಾಲ್ಯಾಗ ಬಾಯೇ ಬಿಡೂದಿಲ್ರಿ ನಮ್ಮಾಕಿ. ಟೀಚರ್ ಫೋನ್ ಮಾಡಿ, ಮಗೂಗ ಕಿವಿ ಕೇಳಸ್ತದೇನು ಅಂತ ಕೇಳಿದ್ರು. ಊರಾಗ ಹಿಂಗಿದ್ದಿಲ್ರಿ, ಓಣಿ ಮಂದೀನೆಲ್ಲಾ ಮಾತಾಡಿಸಾಕಿ." ಆ ರಾತ್ರಿಯೇ ನನಗೆ ಅಪ್ಪಣೆಯಾಯಿತು. "ರೀ, ಆ ಹುಡುಗಿ ನಾಟಕದಲ್ಲಿರಬೇಕು. ಕನ್ನಡ ಆಡೋಕೆ ಅವಳಿಗೆ ಈ ಊರಲ್ಲಿ ಇರೋದು ಅದೊಂದೇ ಜಾಗ."

ಅಪ್ಪಣೆ ಸುಲಭ, ಪಾತ್ರ ಎಲ್ಲಿದೆ? ಸೌರಮಂಡಲ ಹೌಸ್‌ಫುಲ್. ಒಂದು ಗ್ರಹ ಕಡಿಮೆ ಮಾಡಿದ್ದಾರೆಂದು ಜಗತ್ತೇ ಗೋಳಾಡುತ್ತಿದ್ದಾಗ ನನಗೆ ಒಂದು ಹೆಚ್ಚಿಗೆ ಬೇಕಾಗಿತ್ತು. ಮರುದಿನ ಊಟದ ವೇಳೆಯಲ್ಲಿ ಆಫೀಸಿನ ಕಂಪ್ಯೂಟರಿನ ಮುಂದೆ ಕುಳಿತು ಇಂಟರ್ನೆಟ್ ತೆರೆದೆ. ಆಗಿನ ನೈರೋಬಿಯ ಇಂಟರ್ನೆಟ್ ಒಂದು ಪುಟ ತೋರಿಸುವಷ್ಟರಲ್ಲಿ ಎರಡು ಚಪಾತಿ ಮುಗಿಯುತ್ತಿತ್ತು. ಮೂರನೆಯ ಚಪಾತಿಯ ಹೊತ್ತಿಗೆ ಸಂತೋಷದ ಸುದ್ದಿ ಕಂಡಿತು. ಸೂರ್ಯನ ಸಂಸಾರದಲ್ಲಿ ಬಹಳ ಹಿಂದೆ, ಭೂಮಿ ಇನ್ನೂ ಎಳೆಯದಾಗಿದ್ದಾಗ, ಈಗಿಲ್ಲದ ಇನ್ನೊಂದು ಗ್ರಹ ಇದ್ದಿರಬಹುದಂತೆ. ಆಮೇಲೆ ಅದು ಕಳೆದುಹೋಯಿತಂತೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಮುಂದಕ್ಕೆ ಓದದೆ ಕಂಪ್ಯೂಟರ್ ಮುಚ್ಚಿ ನಾಟಕದ ಮೊದಲ ಪುಟದಲ್ಲಿ ಸೇರಿಸಿದೆ: ಕಳೆದುಹೋದ ಗ್ರಹ ಬರುತ್ತದೆ, ಎಲ್ಲರಿಗೂ ಕೈ ಮುಗಿಯುತ್ತದೆ, ಕಳೆದುಹೋಗುತ್ತದೆ.

ಶನಿವಾರ ಭಾಗ್ಯಶ್ರೀ ತಾಲೀಮಿಗೆ ಬಂದಳು. ಪದ್ಮಿನಿಯಕ್ಕನ ತೋಟದ ನೀರಿನ ಪೈಪುಗಳನ್ನು ಹುಲ್ಲಿನ ಮೇಲೆ ಸುತ್ತು ಸುತ್ತಾಗಿ ಹಾಸಿ ಕಕ್ಷೆಗಳನ್ನು ಮಾಡಿದ್ದೆವು. ಮೇಲಿನ ಜಕರಾಂಡ ಮರದ ನೇರಳೆ ಹೂವು ಎಲ್ಲ ಗ್ರಹಗಳ ತಲೆಯ ಮೇಲೂ ಬೀಳುತ್ತಿತ್ತು. ನಾನು ಹುಡುಗಿಗೆ ಪಾತ್ರ ವಿವರಿಸಿದೆ. ಅವಳು ಬಂದಳು, ಕೈ ಮುಗಿದಳು, ನಿಂತಳು. "ಹ್ಞಾಂ, ಈಗ ಕಳೆದುಹೋಗಮ್ಮ" ಎಂದೆ. ಅವಳು ಆಚೆ ನೋಡಿದಳು, ಈಚೆ ನೋಡಿದಳು, ನನ್ನನ್ನು ನೋಡಿದಳು.

"ಅಂಕಲ್, ಕಳದ್ ಹೋದ ಮ್ಯಾಲ ನಾ ಎಲ್ಲಿಗೆ ಹೋಗಬೇಕ್ರಿ?"

ಇಂಥ ಪ್ರಶ್ನೆಗೆ ನನ್ನ ಹತ್ತಿರ ಯಾವತ್ತೂ ಆರು ಉತ್ತರಗಳಿರುತ್ತವೆ. ಆವತ್ತು ಒಂದೂ ಹೊಳೆಯಲಿಲ್ಲ. ಎಡಕ್ಕೆ ಹೋದರೆ ಪದ್ಮಿನಿಯಕ್ಕನ ಅಡುಗೆಮನೆ, ಬಲಕ್ಕೆ ಹೋದರೆ ಅವರ ನಾಯಿಯ ಗೂಡು. "ಸುಮ್ಮನೆ ಆ ಕಡೆ ಕುರ್ಚಿಯ ಮೇಲೆ ಕೂತುಕೋ" ಎಂದೆ. ಅವಳು ಹೋಗಿ ಕುಳಿತಳು. ಉಳಿದ ಹತ್ತು ಮಕ್ಕಳು ತಮ್ಮ ಎರಡು ಕನ್ನಡ ವಾಕ್ಯಗಳನ್ನು, ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಚೀಟಿ ನೋಡಿಕೊಂಡು, ಕಲ್ಲು ಅಗಿಯುವವರಂತೆ ಅಗಿದು ಅಗಿದು ಆಡುತ್ತಿದ್ದರು. ಅಷ್ಟು ಜನರಲ್ಲಿ ನೀರು ಕುಡಿದಷ್ಟು ಸಲೀಸಾಗಿ ಕನ್ನಡ ಮಾತಾಡಬಲ್ಲ ಒಂದೇ ಒಂದು ಮಗು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಆಡಿಸುತ್ತಾ ಕುಳಿತಿತ್ತು. ನಾನು ಅದನ್ನು ಗಮನಿಸಲಿಲ್ಲ. ಗಿರಿಜಾ ಗಮನಿಸಿದರು, ತಿಂಡಿಯ ಹೊತ್ತಿಗೆ ಮೊದಲೇ ಮಗಳನ್ನು ಕರೆದುಕೊಂಡು ಹೊರಟುಹೋದರು.

ಕಾರು ಗೇಟು ದಾಟಿತೋ ಇಲ್ಲವೋ ಸುಧಾ ನನ್ನ ಕಡೆ ತಿರುಗಿದಳು. ಒಂದೇ ಉಸಿರಿಗೆ ಹೇಳಿದಳು. "ಅಲ್ರೀ, ಆ ಜನ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿಲ್ಲ. ಬಂದವರ ಮಗೂನ ಬಂದ ದಿನಾನೇ ಕಳೆದುಹೋಗು ಅಂತ ಆಚೆ ಕೂರಿಸೋದಾ? ನಿಮಗೆ ಕಳೆದುಹೋಗೋದಕ್ಕೆ ಬೇರೆ ಯಾರೂ ಸಿಗಲಿಲ್ವಾ?" ನಾನು ವಿಜ್ಞಾನವೇ ಹಾಗಿದೆ ಎಂದೆ. "ಹಾಗಾದ್ರೆ ಇನ್ನೊಂದು ಸಲ ಓದಿ ನೋಡಿ. ಅದು ಎಲ್ಲಿಗೋ ಹೋಗಿರಲೇಬೇಕು" ಎಂದಳು. ಹಿಂದಿನ ಸೀಟಿನಿಂದ ಅನಘಾ, "ಯಾ ಡ್ಯಾಡ್, ಥಿಂಗ್ಸ್ ಡೋಂಟ್ ಜಸ್ಟ್ ವ್ಯಾನಿಷ್" ಎಂದು ತಾಯಿಯ ಪಕ್ಷ ವಹಿಸಿದಳು. ದಿನವಿಡೀ ಕಾರ್ಖಾನೆಯಲ್ಲಿ ನಾನು ಬೇರೆಯವರಿಗೆ ಹೇಳುವ ಮಾತು ಅದು. ಇದ್ದಕ್ಕಿದ್ದಂತೆ ನನಗೆ ತಿರುಗಿ ಬಂದದ್ದು ಇಷ್ಟವಾಗಲಿಲ್ಲ.

ಮತ್ತೆ ಓದಿದೆ. ಈ ಸಲ ಚಪಾತಿ ತಣ್ಣಗಾಗುವವರೆಗೆ ಓದಿದೆ. ಓದುತ್ತಾ ಹೋದಂತೆ ಈ ವಿಜ್ಞಾನಿಗಳೂ ನನ್ನ ಜಾತಿಯವರೇ ಎಂದು ಅಭಿಮಾನ ಹುಟ್ಟಿತು. ಸೋಫಾದ ಮೇಲೆ ಕುಳಿತು ಒಬ್ಬೊಬ್ಬರು ಒಂದೊಂದು ಸಾಧ್ಯತೆ ಹೇಳಿದ್ದರು. ಮುಂದಿನ ಶನಿವಾರ ಗಿರಿಜಾ ಅವರನ್ನು ಸುಧಾ ಮನೆಗೇ ಹೋಗಿ ಒಲಿಸಿ ಕರೆತಂದಳು. ಮಕ್ಕಳು ಆಡಲು ಹೋದ ಮೇಲೆ ವರಾಂಡದಲ್ಲಿ ತಾಯಂದಿರ ಸಭೆ ಸೇರಿತು. ಕೋಡುಬಳೆಯ ಬಟ್ಟಲನ್ನು ನಡುವೆ ಇಟ್ಟುಕೊಂಡು, ಕೋಟ್ಯಂತರ ವರ್ಷಗಳ ಹಿಂದಿನ ಒಂದು ಗ್ರಹಕ್ಕೆ ಯಾವ ಗತಿ ಕಾಣಿಸಬೇಕೆಂದು ನಾವು ಚರ್ಚೆಗೆ ಕುಳಿತೆವು.

ಬಹಳ ಹಳೆಯ ಅಭಿಪ್ರಾಯದಿಂದ ಶುರು ಮಾಡಿದೆ. ಮಂಗಳಕ್ಕೂ ಗುರುವಿಗೂ ನಡುವೆ ಒಂದು ಗ್ರಹವಿತ್ತು, ಅದು ಒಡೆದು ಚೂರುಚೂರಾಯಿತು, ಆ ಚೂರುಗಳೇ ಈಗ ಅಲ್ಲಿ ಸುತ್ತುತ್ತಿರುವ ಬಂಡೆಗಳು. ಗಿರಿಜಾ ಸೆರಗು ಬಿಗಿ ಮಾಡಿಕೊಂಡು, "ಚೂರಾಗೂದು ಬ್ಯಾಡ್ರಿ, ಹೆಣ್ಣಮಗು" ಎಂದರು. ನನಗೂ ಆ ಅಭಿಪ್ರಾಯದ ಮೇಲೆ ಅನುಮಾನವಿತ್ತು. ಅಲ್ಲಿನ ಬಂಡೆಗಳನ್ನೆಲ್ಲ ಗುಡ್ಡೆ ಹಾಕಿದರೂ ನಮ್ಮ ಚಂದ್ರನಷ್ಟು ತೂಗುವುದಿಲ್ಲವಂತೆ. ಇಡೀ ಗ್ರಹ ಸುರಿದು ಇಷ್ಟೇ ಇಳುವರಿ ಬಂದಿದೆಯೆಂದು ಯಾರಾದರೂ ನನ್ನ ಮೇಜಿಗೆ ಕಾಗದ ತಂದಿದ್ದರೆ ನಾನು ಅದನ್ನು ಸಹಿ ಹಾಕದೆ ವಾಪಸು ಕಳಿಸುತ್ತಿದ್ದೆ. ಈ ಮಾತನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ಅಭಿಪ್ರಾಯ, ಮಂಗಳದ ಆಚೆ ಒಂದು ಪುಟ್ಟ ಗ್ರಹವಿತ್ತು, ಅದರ ದಾರಿ ಓಲಾಡುತ್ತಾ ಹೋಗಿ ಕಡೆಗೆ ಸೂರ್ಯನೊಳಗೆ ಬಿತ್ತು ಎಂಬುದು. ಪದ್ಮಿನಿಯಕ್ಕ ಅರ್ಧ ಕೋಡುಬಳೆಯನ್ನು ಬಾಯಿಂದ ತೆಗೆದು, "ಸೂರ್ಯನ ಮೇಲೆ ಬೀಳುದಾ? ಅದು ಆಗುದಿಲ್ಲ ಸರ್. ರೋಹನ್‌ನ ಜರಿಯ ಅಂಗಿ ಊರಿಂದ ತರಿಸಿದ್ದು" ಎಂದರು. ಇನ್ನೂ ಒಂದಿತ್ತು. ದೊಡ್ಡ ಗ್ರಹವೊಂದು ಚಿಕ್ಕದನ್ನು ಎಳೆದು ಬೀಸಿ ಸೌರಮಂಡಲದಿಂದಲೇ ಹೊರಗೆ ಎಸೆಯಿತು, ಅದು ಈಗಲೂ ಎಲ್ಲೋ ಕತ್ತಲಲ್ಲಿ ಒಂಟಿಯಾಗಿ ಅಲೆಯುತ್ತಿದೆ ಎಂಬುದು. ಸುಧಾ ಮೇಜಿನ ಕೆಳಗೆ ನನ್ನ ಕಾಲು ತುಳಿದದ್ದರಿಂದ ಅದನ್ನು ನಾನು ಹೇಳಲೇ ಇಲ್ಲ.

ಉಳಿದದ್ದು ಒಂದು. ಮಂಗಳನಷ್ಟು ದೊಡ್ಡದಾದ ಗ್ರಹವೊಂದು ಎಳೆಯ ಭೂಮಿಗೆ ಡಿಕ್ಕಿ ಹೊಡೆಯಿತು. ಹಾರಿದ ಚೂರೆಲ್ಲ ಒಟ್ಟುಗೂಡಿ ಚಂದ್ರನಾಯಿತು. ಆ ಗ್ರಹದ ಗಟ್ಟಿ ತಿರುಳು ಭೂಮಿಯೊಳಕ್ಕೆ ಇಳಿದು ಭೂಮಿಯೇ ಆಗಿಹೋಯಿತು. ಅದಕ್ಕೆ ಥೀಯಾ ಎಂದು ಹೆಸರು, ಗ್ರೀಕರಲ್ಲಿ ಚಂದ್ರನ ತಾಯಿಯ ಹೆಸರು.

"ಅಂದ್ರ ನಮ್ಮಾಕಿ ಆಮ್ಯಾಲೂ ಸ್ಟೇಜ್ ಮ್ಯಾಲ ಇರ್ತಾಳೇನ್ರಿ?" ಎಂದರು ಗಿರಿಜಾ.

"ಕೊನೇವರೆಗೂ ಇರ್ತಾಳೆ. ಚಂದ್ರ ಆಗಿ ಭೂಮಿಯ ಕೈ ಹಿಡ್ಕೊಂಡೇ ಇರ್ತಾಳೆ" ಎಂದೆ.

"ಮತ್ತೆಂತ! ಅದೇ ಸತ್ಯ ಇರ್ಬೇಕು" ಎಂದರು ಪದ್ಮಿನಿಯಕ್ಕ. ಪಾಪ, ಅಲ್ಲಿ ವಿಜ್ಞಾನಿಗಳು ಚಂದ್ರನ ಕಲ್ಲು ತಂದು ಅರೆದು ಅರೆದು ಪರೀಕ್ಷಿಸುತ್ತಿದ್ದಾರೆ. ಇಲ್ಲಿ ರುಂಡಾದ ತಾಯಂದಿರು ಒಂದು ಬಟ್ಟಲು ಕೋಡುಬಳೆಯಲ್ಲಿ ಅದನ್ನೇ ಬಗೆಹರಿಸಿದರು.

ಒಪ್ಪದವಳು ಭೂಮಿ. "ಶೀ ವಿಲ್ ಕ್ರಷ್ ಮೈ ಡ್ರೆಸ್! ಆಂಡ್ ಐ ಡೋಂಟ್ ವಾಂಟ್ ಎ ಮೂನ್" ಎಂದು ಅನಘಾ ಮುಖ ಊದಿಸಿದಳು. ಮೊದಲ ಡಿಕ್ಕಿ ಬಹಳ ಮರ್ಯಾದೆಯದು. ಇಬ್ಬರೂ ಭುಜ ತಾಗಿಸಿ ನಿಂತರು. ನಾನು, "ಇನ್ನೂ ಜೋರಾಗಿ" ಎಂದೆ. ಭಾಗ್ಯಶ್ರೀ ಜಡೆ ಹಿಂದಕ್ಕೆ ಹಾಕಿಕೊಂಡು ಗೇಟಿನ ಹತ್ತಿರದಿಂದ ಓಡಿಬಂದಳು. ಇಬ್ಬರೂ ಉರುಳಿಕೊಂಡು ಪದ್ಮಿನಿಯಕ್ಕನ ಗುಲಾಬಿ ಪಾತಿಗೆ ಹೋಗಿ ಬಿದ್ದರು. ಗೇಟಿನ ಕಾವಲುಗಾರ ಜೋಸೆಫ್, "ಪೋಲೆ, ಪೋಲೆ!" ಎಂದು ಮರುಗುತ್ತಾ ಓಡಿಬಂದ. ಪಾತಿಯಿಂದ ಮೊದಲು ಏನೂ ಸದ್ದಿಲ್ಲ. ಆಮೇಲೆ ಒಂದು ನಗು, ಅದರ ಮೇಲೆ ಇನ್ನೊಂದು ನಗು. ಅನಘಾಳ ಹೊಸ ಅಂಗಿಯ ತೋಳು ಹರಿದಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. "ಅಗೇನ್!" ಎಂದಳು.

ಅಂದಿನಿಂದ ಡಿಕ್ಕಿಯ ಅಭ್ಯಾಸ ನಮ್ಮ ಮನೆಗೆ ವರ್ಗವಾಯಿತು. ವಾರಾಂತ್ಯ ಬಂತೆಂದರೆ ಮಹಡಿಯ ಮೇಲೆ ಧಡ್ ಧಡ್. ನಾನು ಕೆಳಗೆ ಕುಳಿತು ಸೀಲಿಂಗಿನ ಸುಣ್ಣ ಕಾಫಿಗೆ ಬೀಳದಂತೆ ಲೋಟದ ಮೇಲೆ ಕೈಯಿಟ್ಟುಕೊಂಡು ಪೇಪರ್ ಓದುತ್ತಿದ್ದೆ. ಧಡ್ ಆದ ಮೇಲೆ ಗಂಟೆಗಟ್ಟಲೆ ಪಿಸಿಪಿಸಿ ಮಾತು, ನಗು. ಅವರು ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆಂದು ನಾನು ಯೋಚಿಸಲೇ ಇಲ್ಲ. ಒಬ್ಬಳಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬಳು ಕನ್ನಡ ಆಡಳು. ಏನೋ ಕೈಸನ್ನೆ ಮಾಡಿಕೊಳ್ಳುತ್ತಾರೆಂದು ಸುಮ್ಮನಿದ್ದೆ. ಅಷ್ಟರಲ್ಲಿ ತಾಲೀಮಿನಲ್ಲಿ ಬೇರೆಯೇ ತೊಂದರೆ ಎದ್ದಿತ್ತು. ಭಾಗ್ಯಶ್ರೀ ಡಿಕ್ಕಿ ಹೊಡೆದು ಬೀಳುವ ಚೆಂದ ನೋಡಿ ಎಲ್ಲ ಗ್ರಹಗಳಿಗೂ ತಮ್ಮ ಪಾತ್ರ ಸಪ್ಪೆಯೆನಿಸಿತು. ಬುಧ, ಶುಕ್ರ, ಮಂಗಳ ಎಲ್ಲರಿಗೂ ಕಳೆದುಹೋಗುವ ಗ್ರಹವೇ ಆಗಬೇಕು. ಉಂಗುರದ ಬದಲು ಸೊಂಟಕ್ಕೆ ಹುಲಾ ಹೂಪ್ ಹಾಕಿಕೊಂಡಿದ್ದ ಶನಿಯಂತೂ ಮುಷ್ಕರಕ್ಕೇ ನಿಂತ. ನಾನು ಗದರಿಸಿ, ಚಾಕಲೇಟು ಕೊಟ್ಟು, ಎಲ್ಲರನ್ನೂ ಅವರವರ ಪೈಪಿನ ಮೇಲೆ ನಿಲ್ಲಿಸಿದೆ.

ರಾಜ್ಯೋತ್ಸವದ ಭಾನುವಾರ ಬಂತು. ಬಾಡಿಗೆಯ ಸಭಾಂಗಣ, ಹೊರಗೆ ನವೆಂಬರಿನ ಮಳೆ, ಒಳಗೆ ಬಿಸಿಬೇಳೆಬಾತಿನ ವಾಸನೆ. ಅಧ್ಯಕ್ಷರ ಭಾಷಣ ಮುಗಿಯುವಷ್ಟರಲ್ಲಿ ಅರ್ಧ ಗ್ರಹಗಳು ನಿದ್ದೆ ಹೋಗಿದ್ದವು. ಎಬ್ಬಿಸಿ ವೇದಿಕೆಗೆ ದಬ್ಬಿದೆವು. ನಾನು ಪಕ್ಕದ ಪರದೆಯ ಹಿಂದೆ ಕಾಗದಗಳನ್ನು ಹಿಡಿದುಕೊಂಡು, ಮರೆತವರಿಗೆ ಮಾತು ಎತ್ತಿಕೊಡಲು ನಿಂತೆ. ಮೊದಲ ಭಾಗ ಚೆನ್ನಾಗಿಯೇ ಸಾಗಿತು. ಆಮೇಲೆ ಆ ಕಡೆಯ ಪರದೆಯ ಹಿಂದಿನಿಂದ ಥೀಯಾ ಓಡಿಬಂದು ಭೂಮಿಗೆ ಡಿಕ್ಕಿ ಹೊಡೆದಳು. ಎಂಥ ಡಿಕ್ಕಿ! ಸಭೆಯೇ ಹಾ ಎಂದಿತು. ಭೂಮಿ ಉರುಳಿ ಮಂಗಳನ ಕಾಲಿಗೆ ಬಡಿದಳು. ಇದಕ್ಕೇ ಕಾದಿದ್ದವನಂತೆ ಮಂಗಳ ಗುರುವಿನ ಮೇಲೆ ಬಿದ್ದ. ಗುರು ಶನಿಯ ಹುಲಾ ಹೂಪನ್ನು ಹಿಡಿದೆಳೆದ. ಶುಕ್ರ ಮತ್ತು ಬುಧನಿಗೆ ಯಾರೂ ತಾಗಲೇ ಇಲ್ಲ, ಆದರೂ ಅವರು ತಮ್ಮಷ್ಟಕ್ಕೆ ಕಿರುಚಿಕೊಂಡು ಬಿದ್ದರು. ಒಂದು ನಿಮಿಷದಲ್ಲಿ ಇಡೀ ಸೌರಮಂಡಲ ನೆಲದ ಮೇಲಿತ್ತು. ಸೂರ್ಯನೊಬ್ಬನೇ ಜರಿಯ ಅಂಗಿಯಲ್ಲಿ ಬೆಪ್ಪಾಗಿ ನಿಂತು, ಆ ಗಳಿಗೆಯಲ್ಲಿ ನೆನಪಿಗೆ ಬಂದ ಒಂದೇ ಮಾತನ್ನು ಹೇಳಿದ: "ಎಲ್ಲರೂ ನನ್ನ ಸುತ್ತ ತಿರುಗಿರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿಗೆ ಮಕ್ಕಳು ಹೆದರಿದರು. ಯಾರಿಗೂ ಏಳಬೇಕೋ ಮಲಗಿರಬೇಕೋ ತಿಳಿಯಲಿಲ್ಲ. ನಾನು ಪರದೆಯ ಹಿಂದಿನಿಂದ "ಏಳಿ, ಏಳಿ" ಎಂದು ಬುಸುಗುಟ್ಟುತ್ತಾ ಯಾವ ಪುಟವೆಂದು ಹುಡುಕಹೋಗಿ ಕಾಗದಗಳನ್ನೆಲ್ಲ ಕೆಳಗೆ ಚೆಲ್ಲಿದೆ. ಅಷ್ಟರಲ್ಲಿ ಪ್ಲೂಟೋ, ಅಂದರೆ ಮಿನ್ನಿ, ಗೊಳೋ ಎಂದು ಅಳುತ್ತಾ ವೇದಿಕೆಯ ಮೆಟ್ಟಿಲಿನ ಕಡೆ ಹೊರಟಳು. ನಾಟಕ ಮುಗಿಯಿತು, ನನ್ನ ಮಾನವೂ ಮುಗಿಯಿತು, ಈ ಹುಬ್ಬಳ್ಳಿಯವರು ಇನ್ನು ಬಳಗದ ಕಡೆ ತಲೆ ಹಾಕುವುದಿಲ್ಲ ಎಂದು ಲೆಕ್ಕ ಹಾಕುತ್ತಾ ಚೆಲ್ಲಿದ ಕಾಗದಗಳನ್ನು ಬಾಚಿಕೊಳ್ಳತೊಡಗಿದೆ.

ಆಗ ವೇದಿಕೆಯ ನಡುವೆ, ಚಂದ್ರನಾಗಲು ಬಿಳಿ ಬೆಡ್‌ಶೀಟಿನ ಕೆಳಗೆ ಕಾಯಬೇಕಾಗಿದ್ದ ಭಾಗ್ಯಶ್ರೀ ಶೀಟು ಸರಿಸಿ ತಲೆ ಹೊರಗೆ ಹಾಕಿದಳು. ಸುತ್ತ ನೋಡಿದಳು. ಮೈಕಿನ ಹಂಗಿಲ್ಲದೆ ಹಿಂದಿನ ಸಾಲಿಗೆ ಕೇಳಿಸುವ ಹಾಗೆ, "ಏ, ಎಲ್ಲಾರೂ ಹಿಂಗ ಬಿದ್ರ ಹೆಂಗ ನಡೀತದ? ಏಳ್ರಿ! ಮಂಗಳ, ನಡಿ ನಿನ್ನ ಜಾಗಾಕ್ಕ. ಶನಿ, ನಿನ್ನ ರಿಂಗ್ ತೊಗೊ. ಸೂರ್ಯಾ, ನೀ ಸುಮ್ನ ನಿಂದ್ರು, ಎಲ್ಲಾರೂ ತಿರಗ್ತಾರ" ಎಂದಳು. ಗ್ರಹಗಳು ಒಂದೊಂದಾಗಿ ಎದ್ದವು. ನನ್ನ ಬುಸುಗುಟ್ಟುವಿಕೆಗೆ ಅಲುಗದವರು ಅವಳ ಒಂದು ಕೂಗಿಗೆ ಎದ್ದರು. ಅವಳು ಬೆಡ್‌ಶೀಟನ್ನು ಹೆಗಲಿಗೇರಿಸಿಕೊಂಡು ಓಡಿ, ಮೆಟ್ಟಿಲಿನ ಮೇಲೆ ಮಿನ್ನಿಯ ಕೈ ಹಿಡಿದಳು.

"ನೀ ಎಲ್ಲಿಗೆ ಹೊಂಟಿ? ನೀ ನಮ್ಮಾಕಿನ ಅದಿ. ಬಾ."

ಸಭೆಯ ನಗು ನಿಂತಿತು. ಮಿನ್ನಿಯನ್ನು ಅವಳ ಜಾಗದಲ್ಲಿ ನಿಲ್ಲಿಸಿ ಭಾಗ್ಯಶ್ರೀ ಭೂಮಿಯ ಹತ್ತಿರ ಬಂದಳು. ಭೂಮಿ ಇನ್ನೂ ಮಲಗಿಯೇ ಇದ್ದಳು. "ಭೂಮಿ, ನಿನಗೇನ್ ಪೆಟ್ಟಾತೇನ?" ಎಂದಳು. ನನ್ನ ಮಗಳು ಅನಘಾ, ಹನ್ನೊಂದು ವರ್ಷ ನನಗೆ ಒಂದು ಕನ್ನಡ ವಾಕ್ಯ ದಯಪಾಲಿಸದ ಅನಘಾ, ಎದ್ದು ಕುಳಿತು ಅಂಗಿ ಕೊಡವಿಕೊಂಡು ಇಡೀ ಸಭೆಗೆ ಕೇಳಿಸುವಂತೆ ಹೇಳಿದಳು:

"ಇಲ್ಲವಾ, ಆರಾಮ ಅದೀನಿ. ನಿನ್ನ ಸಲುವಾಗೇ ಕಾಯಾಕತ್ತೀನಿ. ಕೈ ಕೊಡು."

ಚಪ್ಪಾಳೆ ಎಷ್ಟು ಹೊತ್ತು ನಡೆಯಿತೋ ನನಗೆ ನೆನಪಿಲ್ಲ. ಊಟದ ಸಾಲಿನಲ್ಲಿ ಗಿರಿಜಾ ಸುಧಾಳ ಎರಡೂ ಕೈ ಹಿಡಿದುಕೊಂಡು ನಿಂತಿದ್ದರು. ಅವರ ಮಗಳು ಹತ್ತು ಮಕ್ಕಳ ನಡುವೆ ಕುಳಿತು ಎಲ್ಲರಿಗೂ ಒಟ್ಟಿಗೆ ಜೋರು ಮಾಡುತ್ತಾ ಹಪ್ಪಳ ಹಂಚುತ್ತಿದ್ದಳು. ಬಂದವರೆಲ್ಲ ನನ್ನ ಬೆನ್ನು ತಟ್ಟಿ, ಸಂಭಾಷಣೆ ಬಹಳ ಸಹಜವಾಗಿತ್ತು, ಉತ್ತರ ಕರ್ನಾಟಕದ ಭಾಷೆ ತಂದದ್ದು ಒಳ್ಳೆಯ ಪ್ರಯೋಗ ಎಂದರು. ಪದ್ಮಿನಿಯಕ್ಕ ನನ್ನ ತಟ್ಟೆಗೆ ಎರಡನೆಯ ಹೋಳಿಗೆ ಹಾಕುತ್ತಾ, "ಕೊನೆಯ ಸೀನು ನೀವೇ ಬರೆದದ್ದಾ ಸರ್?" ಎಂದು ಕೇಳಿದರು. ನನ್ನ ಬಾಯಿ ತುಂಬ ಹೋಳಿಗೆಯಿತ್ತು. ನಾನು ಹೌದೆಂದೂ ಅಲ್ಲವೆಂದೂ ಆಗದ ಹಾಗೆ ತಲೆಯಾಡಿಸಿದೆ.

ಅಂದಿನಿಂದ ಅನಘಾ ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ. ನನ್ನನ್ನು ಡ್ಯಾಡ್ ಎನ್ನುವುದನ್ನೂ ಬಿಟ್ಟಿದ್ದಾಳೆ. ನನ್ನ ಜೀವನದ ದೊಡ್ಡ ಆಸೆ ಈಡೇರಿತೆಂದು ನಾನು ಕುಣಿಯಬೇಕಿತ್ತು. ಆದರೆ ಅವಳಾಡುವುದು ಅಪ್ಪಟ ಹುಬ್ಬಳ್ಳಿ ಕನ್ನಡ. ಸುಧಾ ಊರಿಗೆ ಫೋನ್ ಮಾಡಿ ತನ್ನ ತಾಯಿಯ ಜೊತೆ ಮಾತಾಡಿಸಿದರೆ ಆ ಮೈಸೂರಿನ ಅಜ್ಜಿ, "ಯಾರ ಮಗೂಗೆ ಫೋನ್ ಕೊಟ್ಟೆಯೇ?" ಎಂದು ಕೇಳಿದರಂತೆ. ನಾನು ತೂಗಿ ತೂಗಿ ಸುರಿದ ಮೈಸೂರು ಕನ್ನಡದ ಒಂದು ಗುಲಗಂಜಿಯೂ ಆಚೆ ಬಂದಿಲ್ಲ. ಕೆಲವೇ ವಾರಗಳ ಡಿಕ್ಕಿಯಲ್ಲಿ ಒಳಗಿಳಿದದ್ದು ಮಾತ್ರ ಪೂರ್ತಿ ಉಳಿದುಕೊಂಡಿದೆ. ನನ್ನ ಪಾಲಿನ ಮಾಲು ಎಲ್ಲಿಗೆ ಹೋಯಿತು? ಎಂದಿನಂತೆ ಸೋಫಾದ ಮೇಲೆ ಕುಳಿತು ಅನೇಕ ಸಾಧ್ಯತೆಗಳನ್ನು ಯೋಚಿಸಿದೆ. ಶಾಲೆ, ಟೀವಿ, ಈ ಊರಿನ ಗಾಳಿ. ಯಾವುದಕ್ಕೂ ಸಹಿ ಹಾಕುವ ಧೈರ್ಯ ಬರಲಿಲ್ಲ. ಕಡೆಗೆ ಒಂದು ಸಂಜೆ ಊಟವಾದ ಮೇಲೆ ಅವಳನ್ನೇ ಕೇಳಿದೆ. "ಅಲ್ಲ ಕಂದ, ಇಷ್ಟು ವರ್ಷ ನಾನು ನಿನ್ನ ಹತ್ತಿರ ಕನ್ನಡ ಮಾತಾಡಿದೆನಲ್ಲ, ಅದೆಲ್ಲ ಎಲ್ಲಿ ಹೋಯಿತು?"

ಅವಳು ಕೈಯಲ್ಲಿದ್ದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಿಜವಾಗಿಯೂ ಯೋಚಿಸಿದಳು.

"ಎಲ್ಲಾ ತಿಳೀತಿತ್ತು ಅಪ್ಪಾ. ಆದ್ರ ನೀವು ಯಾವಾಗ್ಲೂ ಓದ್ಕೋ, ಟೀವಿ ಆರಿಸು, ಹಲ್ಲುಜ್ಜು ಅಂತಿದ್ರಿ. ಅದಕ್ಕ ಏನಂತ ಉತ್ತರಾ ಕೊಡೂದು? ಭಾಗ್ಯಾ ನನ್ನ ಕೇಳ್ತಾಳ, ನಿನಗ ಹೆಂಗ ಅನಸ್ತದ ಅಂತ."

ಸೋಫಾದ ಮೇಲೆ ನಾನು ಸ್ವಲ್ಪ ಸರಿದು ಕುಳಿತೆ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಸುಧಾ ಕಿವಿಗೊಟ್ಟಿದ್ದಾಳೆಂದು ಗೊತ್ತಾಯಿತು. ಈಗಲಾದರೂ ಮಗಳನ್ನು ಒಂದು ಒಳ್ಳೆಯ ಪ್ರಶ್ನೆ ಕೇಳಬೇಕು, ತಂದೆಯಾದವನು ಕೇಳುವಂಥದ್ದು, ಅವಳು ಕುಳಿತು ಉತ್ತರ ಹೇಳುವಂಥದ್ದು ಎಂದು ಮನಸ್ಸಿನಲ್ಲಿ ಎಷ್ಟೋ ಹುಡುಕಿದೆ. ಬಾಯಿ ತೆರೆದೆ.

"ಹೊತ್ತಾಯ್ತು, ಹಲ್ಲುಜ್ಜಿ ಮಲಕ್ಕೋ ಹೋಗು" ಎಂದೆ.

"ಆತ್ರಿ" ಎಂದಳು ಅನಘಾ.